ಅಂಜನಮೂರ್ತಿಯವರ ಅಷ್ಟಶೀಲ

ಟಿನ್ ಫ್ಯಾಕ್ಟರಿ ಬಸ್ ನಿಲ್ದಾಣದಲ್ಲಿ ಬಸ್ಸು ಬಂದ ಹೊತ್ತು, ಹೊರಟ ಹೊತ್ತು ಬರೆದುಕೊಳ್ಳುವ ಕಂಟ್ರೋಲರ್ ಅಂಜನಮೂರ್ತಿಯವರು ತಮ್ಮ ಐವತ್ತಮೂರನೆಯ ವಯಸ್ಸಿನಲ್ಲಿ ಸಂತರಾದರು. ಆಗಬೇಕೆಂದು ಆದದ್ದಲ್ಲ. ಡಿಪೋದಲ್ಲಿ ಆರೋಗ್ಯ ತಪಾಸಣೆ ನಡೆದ ದಿನ, ಬಿಸ್ಕೆಟ್ ಕೊಡುತ್ತಾರೆಂದು ಯಾರೋ ಹೇಳಿದ್ದನ್ನು ನಂಬಿ ಸಾಲಿನಲ್ಲಿ ನಿಂತರು. ಅವರ ಸರದಿ ಬರುವಷ್ಟರಲ್ಲಿ ಬಿಸ್ಕೆಟ್ ಮುಗಿದಿತ್ತು, ಬಿ.ಪಿ. ಮಾತ್ರ ಸಿಕ್ಕಿತು. ಎಲ್ಲ ಶುರುವಾದದ್ದು ಅಲ್ಲಿಂದ.

ಹೊಸ ತಿಪ್ಪಸಂದ್ರದಲ್ಲಿ ಅವರ ಮನೆ ಹತ್ತಿರದ ಡಾಕ್ಟರು ಬೆಳಿಗ್ಗೆಗೆ ಒಂದು, ರಾತ್ರಿಗೆ ಒಂದು ಮಾತ್ರೆ ಬರೆದುಕೊಟ್ಟು, ಉಪ್ಪು ಕಡಿಮೆ ಮಾಡಿ, ಉಪ್ಪಿನಕಾಯಿ ಬಿಡಿ, ಮಾತ್ರೆ ಮಾತ್ರ ಬಿಡಬೇಡಿ ಎಂದರು. ಇನ್ನೊಂದು ಮಾತನ್ನೂ ಹೇಳಬಹುದಿತ್ತು. ಆದರೆ ಹೊರಗೆ ಬೆಂಚಿನ ತುಂಬ ಜನ ಕೆಮ್ಮುತ್ತ ಕೂತಿದ್ದರು. ಹೇಳುವುದಕ್ಕೆ ಡಾಕ್ಟರಿಗೆ ಪುರಸೊತ್ತಿರಲಿಲ್ಲ, ಕೇಳುವುದಕ್ಕೆ ಅಂಜನಮೂರ್ತಿಯವರಿಗೆ ಗೊತ್ತಿರಲಿಲ್ಲ.

ಎರಡು ತಿಂಗಳಲ್ಲಿ ಬಿ.ಪಿ. ಹಿಡಿತಕ್ಕೆ ಬಂತು. ಅದರ ಹಿಂದೆಯೇ ಆಸೆ ಎನ್ನುವುದು ಹೇಳದೆ ಕೇಳದೆ ಮನೆ ಬಿಟ್ಟು ಹೋಯಿತು. ಹೆಂಡತಿ ಮಂಜುಳಮ್ಮ ತಲೆಗೆ ನೀರು ಹಾಕಿಕೊಂಡು ಬಂದು ಕೂದಲು ಒಣಗಿಸಿಕೊಳ್ಳುವುದನ್ನು ಇಪ್ಪತ್ತೇಳು ವರ್ಷ ಪೇಪರಿನ ಮರೆಯಿಂದ ಕದ್ದು ನೋಡುತ್ತ ಬಂದ ಮನುಷ್ಯ ಈಗ ನಿಜವಾಗಿಯೂ ಪೇಪರ್ ಓದತೊಡಗಿದರು. ಸಂಪಾದಕೀಯವನ್ನೂ ಬಿಡುತ್ತಿರಲಿಲ್ಲ.

ಮಾತ್ರೆಯ ಮೇಲೆ ಅವರಿಗೆ ಅನುಮಾನ ಬರಲಿಲ್ಲ. ಮಾತ್ರೆ ಎದೆಗೆ, ಇದು ಬೇರೆ ಇಲಾಖೆ ಎಂದುಕೊಂಡಿದ್ದರು. ತನ್ನ ಕಾಲ ಮುಗಿಯಿತು ಎಂದು ತೀರ್ಮಾನಿಸಿಬಿಟ್ಟರು. ಅದಕ್ಕಿಂತ ಹೆಚ್ಚಾಗಿ ಅವರನ್ನು ಕೊರೆದದ್ದು ಮಂಜುಳಮ್ಮನಿಗೆ ಇದು ಗೊತ್ತಾದರೆ ಏನು ಗತಿ ಎಂಬ ಭಯ. ಹೆಂಡತಿಯ ಕಣ್ಣಿನಲ್ಲಿ ತಾನು ಇಳಿದುಹೋಗುತ್ತೇನೆ, ಆಕೆ ಒಳಗೊಳಗೇ ತನ್ನನ್ನು ಬಿಟ್ಟುಬಿಡುತ್ತಾಳೆ ಎಂದು ಹೆದರಿ, ಊಟದ ತಟ್ಟೆಯ ಮುಂದೆ ಕೂತೂ ಬೆವರುತ್ತಿದ್ದರು. ಮಗಳು ಮೋನಿಷಾ ಮದುವೆಯಾಗಿ ಹೊಸಕೋಟೆಗೆ ಹೋದ ಮೇಲೆ ಮನೆಯಲ್ಲಿ ಉಳಿದವರು ಇಬ್ಬರೇ. ಇರುವ ಒಬ್ಬಳನ್ನೂ ಕಳೆದುಕೊಳ್ಳುವ ಧೈರ್ಯ ಅವರಿಗಿರಲಿಲ್ಲ.

ಒಂಬತ್ತು ದಿನ ಬಿಡದೆ ನುಗ್ಗೆಕಾಯಿ ತಂದರು. ಹತ್ತನೆಯ ದಿನ ಮಂಜುಳಮ್ಮ, "ಏನ್ರೀ ಇದು, ಮಾರ್ಕೆಟ್ಟಿಗೆ ಬೇರೆ ತರಕಾರಿನೇ ಬರ್ತಿಲ್ವಾ?" ಎಂದರು. ಆ ದಾರಿಯೂ ಮುಚ್ಚಿತು. ಕೊನೆಗೆ ಶಿವಾಜಿನಗರದ ಡ್ರೈವರ್ ಗಯಾಜ್‌ನನ್ನು ಬಸ್ಸಿನ ಹಿಂದಕ್ಕೆ ಕರೆದುಕೊಂಡು ಹೋಗಿ, "ನನ್ನ ಸ್ನೇಹಿತ ಒಬ್ಬನಿಗೆ ಗುರು, ಸ್ವಲ್ಪ... ಮನೇಲಿ... ಆಸಕ್ತಿ ಕಮ್ಮಿ ಆಗಿದೆಯಂತೆ" ಎಂದು ಶುರುಮಾಡಿದರು.

ಗಯಾಜ್‌ಗೆ ಗಾಬರಿಯಾಯಿತು. "ಸಾಬ್, ನಿಮ್ಗೆ ನಾನು ಬಿಟ್ರೆ ಇನ್ನೊಬ್ಬ ದೋಸ್ತೇ ಇಲ್ಲ. ನನ್ ಬಗ್ಗೆ ಯಾರು ಹಿಂಗೆಲ್ಲ ಹೇಳ್ಕೊಂಡು ತಿರುಗ್ತಾ ಇರೋದು? ಅಲ್ಲಾ ಕಸಂ, ನಾನು ಚೆನ್ನಾಗೇ ಇದೀನಿ!" ಎಂದು ಕೂಗಿಬಿಟ್ಟ. ಹೊಸಕೋಟೆ ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಆ ವಾರ ಪೂರ್ತಿ ಗಯಾಜ್ ಕಂಟ್ರೋಲರನ್ನು ಮಾತಾಡಿಸಲಿಲ್ಲ.

ಅದಾದ ಭಾನುವಾರ ಮಧ್ಯಾಹ್ನ ಊಟ ಮುಗಿದ ಮೇಲೆ ಮಂಜುಳಮ್ಮ ಬಾಗಿಲು ಹಾಕಿ ಬಂದು, ಮಂಚದ ಮೇಲೆ ಗಂಡನ ಪಕ್ಕ ಕೂತು ಕೈ ಮೇಲೆ ಕೈ ಇಟ್ಟರು. "ಯಾಕ್ರೀ, ಎರಡು ತಿಂಗಳಿಂದ ಒಂಥರಾ ಇದೀರ. ನನ್ ಮೇಲೇನಾದ್ರೂ ಕೋಪನಾ?" ಎಂದರು.

ನಿಜ ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಬರುತ್ತಿರಲಿಲ್ಲ. ಅಂಜನಮೂರ್ತಿಯವರು ಬಾಯಿ ತೆರೆದರು. ಎದುರಿನ ಗೋಡೆಯ ಮೇಲೆ ಬುದ್ಧನ ಪಟವಿತ್ತು. ಬಾಯಿಂದ ಬಂದದ್ದು, "ಇವತ್ತು ಹುಣ್ಣಿಮೆ ಅಲ್ವಾ, ಅಷ್ಟಶೀಲ ತಗೊಂಡಿದ್ದೀನಿ" ಎಂಬ ಮಾತು.

ಹುಣ್ಣಿಮೆಗೆ ಬೌದ್ಧ ವಿಹಾರಕ್ಕೆ ಹೋಗುವ ಗೃಹಸ್ಥರು ಆ ಒಂದು ದಿನದ ಮಟ್ಟಿಗೆ ಎಂಟು ಶೀಲ ಪಾಲಿಸುವುದುಂಟು. ಅದರಲ್ಲಿ ಬ್ರಹ್ಮಚರ್ಯವೂ ಒಂದು. ಮಧ್ಯಾಹ್ನದ ಮೇಲೆ ಉಣ್ಣದಿರುವುದು, ಹಾಡು ಕುಣಿತ ನೋಡದಿರುವುದು, ಸುಗಂಧ ಹಚ್ಚದಿರುವುದು, ಎತ್ತರದ ಮಂಚ ಮುಟ್ಟದಿರುವುದು ಕೂಡ ಆ ಎಂಟರಲ್ಲೇ ಬರುತ್ತವೆ.

ಮಂಜುಳಮ್ಮ ಕ್ಯಾಲೆಂಡರಿನ ಕಡೆ ತಿರುಗಿದರು. "ಹುಣ್ಣಿಮೆ ಗುರುವಾರನೇ ಆಯ್ತಲ್ರೀ."

"ಆಯ್ತು. ನಾನು ಇನ್ನೂ ಬಿಟ್ಟಿಲ್ಲ. ಮುಂದುವರ್ಸಿದೀನಿ."

"ಎಲ್ಲೀವರ್ಗೂ?"

"ಆಗೋವರ್ಗೂ."

"ಮತ್ತೆ ಈಗ ಮಂಚದ ಮೇಲೆ ಕೂತಿದೀರಲ್ಲ?"

ಅಂಜನಮೂರ್ತಿಯವರು ತಟಕ್ಕನೆ ಇಳಿದು ನೆಲದ ಮೇಲೆ ಕೂತರು.

ಮಂಜುಳಮ್ಮ, "ಒಳ್ಳೇದು ಬಿಡಿ" ಎಂದು ಎದ್ದುಹೋಗಿ ಹೊಲಿಗೆ ಮಿಷನ್ನಿನ ಮುಂದೆ ಕೂತು, ಯಾರದೋ ಬ್ಲೌಸಿಗೆ ತೋಳು ಜೋಡಿಸತೊಡಗಿದರು. ಅಂಜನಮೂರ್ತಿಯವರಿಗೆ ಹೆಂಡತಿಯ ಬೆನ್ನು ಮಾತ್ರ ಕಾಣುತ್ತಿತ್ತು. ಆ ಬೆನ್ನು ಅಲುಗುತ್ತಿತ್ತು. ಅಳುತ್ತಿದ್ದಾಳೆ, ತನ್ನಿಂದಲೇ ಅಳುತ್ತಿದ್ದಾಳೆ ಎಂದು ಅವರ ಎದೆ ಚುಳ್ಳೆಂದಿತು. ಹೋಗಿ ಭುಜ ಹಿಡಿಯಬೇಕೆನಿಸಿತು. ಹಿಡಿದರೆ ಶೀಲ ಕೆಡುತ್ತದಲ್ಲ ಎಂದು ಸುಮ್ಮನೆ ಕೂತರು.

ಇಲ್ಲದಿರುವ ಒಂದನ್ನು ಬಿಟ್ಟಿದ್ದೇನೆ ಎಂದು ತೋರಿಸಲು ಇರುವುದನ್ನೆಲ್ಲ ಬಿಡಬೇಕಾಗಿ ಬಂತು. ಸಂಜೆಯ ಬೋಂಡ, ರಾತ್ರಿಯ ಮುದ್ದೆ, ಟಿವಿ, ತಲೆಗೆ ಹಚ್ಚುವ ಘಮಘಮ ಎಣ್ಣೆ ಎಲ್ಲ ಹೋಯಿತು. ಹೊಟ್ಟೆ ಹಸಿದು ಕಣ್ಣು ಕತ್ತಲಿಟ್ಟು, ಕೆಟ್ಟು ನಿಂತಿದ್ದ ಮಾರತಹಳ್ಳಿ ಬಸ್ಸನ್ನು ಪುಸ್ತಕದಲ್ಲಿ ಸರಿಯಾದ ಹೊತ್ತಿಗೆ ಹೊರಡಿಸಿಬಿಟ್ಟರು. ಚಾಪೆಯ ಮೇಲೆ ಮಲಗಿ ಸೊಂಟ ಹಿಡಿಯಿತು. ಅವರು ಒಂದೊಂದೇ ಹೆಜ್ಜೆ ಎತ್ತಿಡುವುದನ್ನು ಕಂಡ ಗಲ್ಲಿಯವರು, ನಡಿಗೆಯಲ್ಲೇ ಎಂಥ ಶಾಂತಿ ನೋಡಿ ಎಂದು ಮಾತಾಡಿಕೊಂಡರು.

ಹಲಸೂರಿನಲ್ಲಿದ್ದ ಅಕ್ಕ ಶಾಂತಕುಮಾರಿ ಸುದ್ದಿ ಕೇಳಿದವರೇ ಮೊದಲ ಬಸ್ಸಿಗೆ ಬಂದಿಳಿದರು. ನೀರು ಕೂಡ ಕುಡಿಯದೆ ತಮ್ಮನ ಷರ್ಟುಗಳನ್ನೆಲ್ಲ ತೆಗೆದು ಮೂಸಿದರು. ಫೋನ್ ಕಿತ್ತುಕೊಂಡು ನೋಡಿದರು. ಅದರಲ್ಲಿ ಡಿಪೋ ಮ್ಯಾನೇಜರನ್ನು ಬಿಟ್ಟರೆ ಯಾರೂ ಇರಲಿಲ್ಲ.

"ಯಾರೋ ಅವಳು? ನಿಜ ಹೇಳು."

"ಯಾರೂ ಇಲ್ಲಕ್ಕ."

"ಕಟ್ಕೊಂಡ ಹೆಂಡ್ತಿ ಬೇಡ ಅಂದ್ರೆ ಇನ್ನೊಬ್ಬಳು ಇರ್ಲೇಬೇಕು. ನಾನೇನು ನಿನ್ನೆ ಮೊನ್ನೆ ಹುಟ್ಟಿದ್ದಾ?"

"ಬುದ್ಧನಾಣೆ ಅಕ್ಕ. ನನ್ ಕೈಲಿ ಇನ್ನೊಬ್ಬಳು..." ಎಂದು ಅಂಜನಮೂರ್ತಿಯವರು ನಿಜದ ಅಂಚಿಗೆ ಬಂದು ನಿಂತರು. "...ಆಗಲ್ಲಕ್ಕ."

ಆ ಮಾತಿನಲ್ಲಿದ್ದ ದುಃಖವನ್ನು ಶಾಂತಕುಮಾರಿ ವೈರಾಗ್ಯವೆಂದು ತಿಳಿದರು. ಕಣ್ಣಲ್ಲಿ ನೀರು ತುಂಬಿಕೊಂಡು, ತನಗಿಂತ ಐದು ವರ್ಷ ಚಿಕ್ಕವನಾದ ತಮ್ಮನ ಕಾಲು ಮುಟ್ಟಿದರು. ತೆರೆದ ಬಾಗಿಲಿನಿಂದ ಇದನ್ನು ಎದುರುಮನೆಯ ಮಧುಕರ್ ನೋಡಿಬಿಟ್ಟರು. ಅಲ್ಲಿಗೆ ಅಂಜನಮೂರ್ತಿಯವರ ಕಥೆ ಕೈಮೀರಿ ಹೋಯಿತು.

ಯಾಕೆಂದರೆ ಮಧುಕರ್ ವಿಹಾರ ಸಮಿತಿಯ ಕಾರ್ಯದರ್ಶಿ. ಮೈಕ್ ಕಂಡರೆ ಬಿಡುವ ಆಸಾಮಿಯಲ್ಲ. ಮುಂದಿನ ಭಾನುವಾರ ಕೆ.ಆರ್. ಪುರದ ಕಡೆಯ ವಿಹಾರದಲ್ಲಿ ವಂದನೆ ಮುಗಿಯುತ್ತಲೇ ಎದ್ದು ನಿಂತು, "ನಮ್ಮ ಮಧ್ಯನೇ ಒಬ್ರಿದಾರೆ. ಸಂಸಾರದಲ್ಲಿದ್ದೂ ಎಂಟಕ್ಕೆ ಎಂಟು ಶೀಲ! ಹುಣ್ಣಿಮೆಗಲ್ಲ, ದಿನಾ! ಬ್ರಹ್ಮಚರ್ಯನೂ ಸೇರಿಸಿ!" ಎಂದು ಸಾರಿದರು. ಹೆಂಗಸರು ತಂತಮ್ಮ ಗಂಡಂದಿರ ಕಡೆ ನೋಡಿದರು. ಗಂಡಂದಿರು ಅಂಜನಮೂರ್ತಿಯವರ ಕಡೆ ನೋಡಿದರು. ಆ ನೋಟದಲ್ಲಿ ಮೈತ್ರಿ ಇರಲಿಲ್ಲ. ಶಾಲು ಹೊದಿಸಿದ್ದಾಯಿತು. "ಆಸೆನ ಗೆದ್ದಿದ್ದು ಹೆಂಗೆ ಅಂತ ನಮ್ ಹುಡುಗ್ರಿಗೆ ಎರಡು ಮಾತು ಹೇಳಿ ಸಾರ್" ಎಂದು ಮೈಕನ್ನು ಕೈಗೇ ಕೊಟ್ಟರು.

"ನಾನೇನೂ ಮಾಡ್ಲಿಲ್ಲ" ಎಂದರು ಅಂಜನಮೂರ್ತಿ. "ತಾನಾಗೇ ಹೋಯ್ತು."

ಇಷ್ಟು ಸತ್ಯವಾದ ಭಾಷಣವನ್ನು ಆ ವಿಹಾರದಲ್ಲಿ ಅದುವರೆಗೆ ಯಾರೂ ಮಾಡಿರಲಿಲ್ಲ. ಚಪ್ಪಾಳೆಯೋ ಚಪ್ಪಾಳೆ. ಹಿಂದಿನ ಸಾಲಿನಲ್ಲಿ ಮಂಜುಳಮ್ಮ ತಲೆ ತಗ್ಗಿಸಿ ಸೆರಗಿನ ಅಂಚು ತಿರುವುತ್ತ ಕೂತಿದ್ದರು. ಅವರನ್ನು ಕಂಡು ಅಂಜನಮೂರ್ತಿಯವರ ಕಣ್ಣಲ್ಲಿ ನೀರು ಬಂತು. ಅದನ್ನೂ ಜನ ಧಮ್ಮದ ಆನಂದ ಎಂದುಕೊಂಡು ಇನ್ನೊಂದು ಸುತ್ತು ಚಪ್ಪಾಳೆ ತಟ್ಟಿದರು.

ಬೇಸಿಗೆ ಬಂತು. ವಿಹಾರದಲ್ಲಿ ಹತ್ತು ದಿನದ ಶ್ರಾಮಣೇರ ಶಿಬಿರ ಗೊತ್ತಾಯಿತು. ಗೃಹಸ್ಥರು ತಲೆ ಬೋಳಿಸಿ, ಕಾವಿಯ ಚೀವರ ಉಟ್ಟು, ಹತ್ತು ದಿನ ಭಿಕ್ಷುಗಳಂತೆ ಇದ್ದು ಮನೆಗೆ ಮರಳುವ ಶಿಬಿರ ಅದು. ಮಧುಕರ್ ಫಾರಂ ಹಿಡಿದುಕೊಂಡು ಮನೆಗೇ ಬಂದರು.

"ಹತ್ತು ದಿನ ಬೇರೆಯವ್ರಿಗೆ ಸಾರ್. ನಿಮ್ಮಂಥೋರಿಗೆ ಅದು ಯಾವ ಮೂಲೆಗೆ? 'ಎಷ್ಟು ದಿನ' ಅನ್ನೋ ಕಡೆ ಖಾಲಿ ಬಿಟ್ಟಿದೀನಿ. ಮನಸ್ಸಾದ್ರೆ ಅಲ್ಲೇ ಇದ್ಬಿಡಿ. ಮನೆಯವ್ರ ಒಪ್ಪಿಗೆ ಮಾತ್ರ ಬೇಕು, ಅಕ್ಕೋರು ಇಲ್ಲೊಂದು ಸೈನ್ ಹಾಕಿದ್ರೆ ಆಯ್ತು."

ಅಂಜನಮೂರ್ತಿಯವರಿಗೆ ಹೋದ ಜೀವ ಬಂದಂತಾಯಿತು. ಮಂಜುಳಾ ಒಪ್ಪುವುದಿಲ್ಲ. ಕೂಗಾಡುತ್ತಾಳೆ, ಫಾರಂ ಹರಿದು ಮಧುಕರ್ ಮುಖಕ್ಕೆ ಎಸೆಯುತ್ತಾಳೆ, ಈ ನಾಟಕ ಇವತ್ತಿಗೆ ಮುಗಿಯುತ್ತದೆ ಎಂದು ಕಾದರು. ಮಂಜುಳಮ್ಮ ಬಾಯಲ್ಲಿ ಕಚ್ಚಿದ್ದ ಗುಂಡುಪಿನ್ನು ತೆಗೆದಿಟ್ಟು, ಪೆನ್ನು ಇಸಿದುಕೊಂಡು, ಕೇಳಿದ ಕಡೆಯೆಲ್ಲ ಸೈನ್ ಹಾಕಿದರು. "ಇವ್ರಿಗೆ ಗ್ಯಾಸ್ಟ್ರಿಕ್ ಇದೆ, ಬೆಳಗ್ಗೆ ಬೇಗ ಏನಾದ್ರೂ ತಿನ್ನೋಕೆ ಕೊಡಿ" ಎಂದು ಮಧುಕರ್‌ಗೆ ಹೇಳಿದರು. ಅಷ್ಟೇ.

ಯಾವುದು ಆಗಬಾರದೆಂದು ಅಂಜನಮೂರ್ತಿಯವರು ಹೊಟ್ಟೆ ಕಟ್ಟಿ, ನೆಲದ ಮೇಲೆ ಮಲಗಿ ಇಷ್ಟೆಲ್ಲ ಪಾಡುಪಟ್ಟರೋ ಅದೇ ಆಗಿಹೋಯಿತು. ಹೆಂಡತಿ ತನ್ನನ್ನು ಬಿಟ್ಟುಕೊಟ್ಟಳು. ಗ್ಯಾಸ್ಟ್ರಿಕ್ ಸಮೇತ ಬಿಟ್ಟುಕೊಟ್ಟಳು.

ಶಿಬಿರದ ಮೊದಲ ದಿನ ಬೆಳಿಗ್ಗೆ ವಿಹಾರದ ಅಂಗಳದಲ್ಲಿ ಹತ್ತು ಜನರ ತಲೆ ಬೋಳಿಸಿದರು. ಅಂಜನಮೂರ್ತಿಯವರು ಮೂವತ್ತು ವರ್ಷದಿಂದ ಸಾಕಿಕೊಂಡು ಬಂದ ಮೀಸೆಯೂ ಕೂದಲಿನ ಜೊತೆಗೇ ಹೋಯಿತು. ಆಮೇಲೆ ಮಧುಕರ್, ದೀಕ್ಷೆ ಕೊಡುವ ಮುನ್ನ ಹಿಂದಿನಿಂದಲೂ ಕೇಳಿಕೊಂಡು ಬಂದ ಪ್ರಶ್ನೆಗಳ ಪಟ್ಟಿ ಹಿಡಿದು ಕೂತರು.

"ಮನುಷ್ಯರೇ?"

"ಹೌದು."

"ಗಂಡಸರೇ?"

ಅಂಜನಮೂರ್ತಿಯವರು ಯೋಚಿಸತೊಡಗಿದರು. ಹಿಂದೆ ಸಾಲು ನಿಂತಿತ್ತು. "ಇದಕ್ಕೇನ್ ಸಾರ್ ಯೋಚ್ನೆ?" ಎಂದು ಮಧುಕರ್ ತಾವೇ ಟಿಕ್ ಹಾಕಿಕೊಂಡರು. "ಕಾಯಿಲೆ, ಮಾತ್ರೆ ಏನಾದ್ರೂ?"

"ಬಿ.ಪಿ.ಗೆ ಎರಡು."

"ಹಂಗಾದ್ರೆ ಡಾಕ್ಟ್ರಮ್ಮ ನೋಡ್ಬೇಕು. ಆ ಕಡೆ ಹೋಗಿ."

ಆ ಕಡೆ ಎಂದರೆ ಹಗ್ಗಕ್ಕೆ ಬೆಡ್‌ಶೀಟ್ ಇಳಿಬಿಟ್ಟು ಮಾಡಿದ ಒಂದು ಮೂಲೆ. ಅಲ್ಲಿ ಶಿಬಿರದವರನ್ನು ನೋಡಲೆಂದು ರಿಚರ್ಡ್ಸ್ ಟೌನಿನಿಂದ ಬಂದ ಡಾಕ್ಟರ್ ಅರೀಬಾ ಕೂತಿದ್ದರು. ಮೋನಿಷಾಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ಬಿ.ಪಿ. ನೋಡಿದರು, ಮಾತ್ರೆಯ ಹಾಳೆ ತಿರುಗಿಸಿ ಹೆಸರು ಓದಿದರು. ಎಷ್ಟು ದಿನದಿಂದ ಎಂದು ಕೇಳಿದರು. ಆರು ತಿಂಗಳು ಎಂದರು ಇವರು.

"ತಲೆಸುತ್ತು, ಸುಸ್ತು?"

"ಇಲ್ಲ ಮೇಡಂ."

"ಮನೆಯವ್ರ ಜೊತೆ ಇರೋ ಆಸೆ ಕಮ್ಮಿ ಆಗಿದೆಯಾ? ಈ ಮಾತ್ರೆ ತಗೊಳ್ಳೋರಲ್ಲಿ ಕೆಲವ್ರಿಗೆ ಹಾಗಾಗುತ್ತೆ."

ಬಸ್ಸು ಎಷ್ಟೊತ್ತಿಗೆ ಎಂದು ಕೇಳಿದಷ್ಟು ಸಲೀಸಾಗಿ ಕೇಳಿಬಿಟ್ಟರು. ಬೆಡ್‌ಶೀಟಿನ ಆಚೆಯ ಗದ್ದಲ ಗಪ್ಪನೆ ನಿಂತಿತು.

"ಮಾತ್ರೆಯಿಂದಾನಾ?" ಎಂದರು ಅಂಜನಮೂರ್ತಿ. ಗಂಟಲು ತಾನಾಗೇ ಏರಿತು. "ಮೇಡಂ, ಮಾತ್ರೆಯಿಂದಾನಾ? ಅದು ಎದೆಗೆ ಅಲ್ವಾ?"

"ಹೊಟ್ಟೆಗೆ ಹೋದ್ಮೇಲೆ ಮೈಯೆಲ್ಲ ಸುತ್ತುತ್ತಲ್ಲ ಅಂಕಲ್. ಬಿ.ಪಿ. ಮಾತ್ರೆಲಿ ಕೆಲವು ಹಾಗೆ, ಮನಸ್ಸಿಗೆ ಅಂತ ಕೊಡೋದ್ರಲ್ಲಿ ಕೆಲವು ಹಾಗೆ. ಎಲ್ರಿಗೂ ಆಗಲ್ಲ. ಬಿ.ಪಿ.ಯಿಂದಾನೇ ಆಗೋದೂ ಇದೆ, ನೋಡ್ಬೇಕು. ಆದ್ರೆ ನೀವಾಗೇ ನಿಲ್ಲಿಸ್ಬಿಡ್ಬೇಡಿ, ಅದು ಅಪಾಯ. ಬರೆದುಕೊಟ್ಟ ಡಾಕ್ಟ್ರಿಗೆ ಬಾಯ್ಬಿಟ್ಟು ಹೇಳಿ, ಬದಲಾಯಿಸೋಕೆ ಬೇರೆ ಮಾತ್ರೆ ಇವೆ. ನಮ್ ಜನ ಹೇಳೋದೇ ಇಲ್ಲ. ನಾಚ್ಕೊಂಡು ಏನೇನೋ ಮಾಡ್ಕೊಂಡು ಕೂತಿರ್ತಾರೆ."

ಅಂಜನಮೂರ್ತಿಯವರು ಬೋಳುತಲೆ ಸವರಿಕೊಂಡರು. "ಹೌದು ಮೇಡಂ" ಎಂದರು. "ಏನೇನೋ ಮಾಡ್ಕೊಂಡ್ಬಿಡ್ತಾರೆ."

ಹೊರಗೆ ಬಂದರೆ ಮಧುಕರ್ ಬಾಯಿ ತೆರೆದುಕೊಂಡು ನಿಂತಿದ್ದರು. "ಸಾರ್, ಹಂಗಾದ್ರೆ... ನಾವು ಶಾಲು ಹೊದಿಸಿದ್ದು ಬಿ.ಪಿ. ಮಾತ್ರೆಗಾ?"

ವಿಹಾರದ ಹಿರಿಯ ಭಿಕ್ಷು ಭಂತೇಜಿ ನಗಲಿಲ್ಲ, ಬೈಯಲೂ ಇಲ್ಲ. ಅಂಜನಮೂರ್ತಿಯವರನ್ನು ಪಕ್ಕಕ್ಕೆ ಕೂರಿಸಿಕೊಂಡು, "ಆಸೆ ಬಿಡೋದು ಬೇರೆ, ಕಳ್ದುಹೋಗಿದ್ದನ್ನ ಬಚ್ಚಿಡೋದು ಬೇರೆ. ಸುಳ್ಳು ಹೇಳ್ಬಾರ್ದು ಅಂತಾನೂ ಒಂದು ಶೀಲ ಇದೆಯಲ್ಲಪ್ಪ. ಮನೆಗೆ ಹೋಗಿ ಮೊದ್ಲು ಅದನ್ನ ಪಾಲಿಸು. ಮಿಕ್ಕ ಏಳು ಆಮೇಲೆ ನೋಡೋಣ" ಎಂದರು.

ಮನೆ ಮುಟ್ಟಿದಾಗ ಮಧ್ಯಾಹ್ನ ಮೂರು ಗಂಟೆ. ಮಂಜುಳಮ್ಮ ಬ್ಲೌಸಿಗೆ ಹುಕ್ಕು ಹಾಕುತ್ತಿದ್ದರು. ಬಾಗಿಲಲ್ಲಿ ನಿಂತ ಬೋಳುತಲೆಯನ್ನು ಅರೆಗಣ್ಣಿನಲ್ಲಿ ನೋಡಿ, "ಮುಂದೆ ಹೋಗಪ್ಪ" ಎಂದರು.

"ನಾನು ಕಣೇ."

ಹುಕ್ಕು ಕೈಯಿಂದ ಬಿತ್ತು. ಆಕೆ ಏಳುವ ಮೊದಲೇ ಅಂಜನಮೂರ್ತಿಯವರು ಎದುರು ಕೂತು ಒಂದೇ ಉಸಿರಿಗೆ ಎಲ್ಲ ಹೇಳಿದರು. ನುಗ್ಗೆಕಾಯಿ ಯಾಕೆ ತಂದದ್ದು, ಹುಣ್ಣಿಮೆ ಎಂದು ಯಾಕೆ ಸುಳ್ಳು ಹೇಳಿದ್ದು, ಡಾಕ್ಟರ್ ಅರೀಬಾ ಏನೆಂದರು, ಒಂದನ್ನೂ ಬಿಡಲಿಲ್ಲ. "ನಿನ್ನಲ್ಲಿ ಏನೂ ತಪ್ಪಿಲ್ಲ ಮಂಜು. ನೀನು ಬೇಡ ಅಂತ ಅಲ್ವೇ ಅಲ್ಲ. ಎಲ್ಲ ಆ ಮಾತ್ರೆ ಕಿತಾಪತಿ. ಬದಲಾಯಿಸ್ತಾರಂತೆ. ಎಲ್ಲ ಮೊದ್ಲಿನ ಥರಾನೇ ಆಗುತ್ತೆ!"

ಹೆಂಡತಿಯ ಮುಖ ಅರಳುವುದನ್ನು ನೋಡಲು ಕಾದರು. ಮುಖ ಬಿಳಿಚಿಕೊಂಡಿತು.

"ಮೊದ್ಲಿನ ಥರಾನಾ?" ಎಂದರು ಮಂಜುಳಮ್ಮ. ಬಿದ್ದ ಹುಕ್ಕನ್ನು ಹುಡುಕಿ ಎತ್ತಿಕೊಳ್ಳುತ್ತ, "ಮನಸ್ಸಿಗೆ ಕೊಡೋ ಮಾತ್ರೆಲೂ ಹಿಂಗಾಗುತ್ತೆ ಅಂದ್ರಾ ಆ ಡಾಕ್ಟ್ರಮ್ಮ?"

"ಅಂದ್ರು. ಯಾಕೆ?"

"ನಮ್ಮಮ್ಮ ಹೋದಾಗ ನಾನು ನಿದ್ದೆ ಇಲ್ದೆ ಅಳ್ತಾ ಕೂತಿರ್ತಿದ್ನಲ್ಲ, ಆಗ ಆಸ್ಪತ್ರೇಲಿ ಅಂಥದ್ದೊಂದು ಮಾತ್ರೆ ಶುರು ಮಾಡಿದ್ರು. ಏಳು ವರ್ಷ ಆಯ್ತು. ಇನ್ನೂ ತಗೋತಿದೀನಿ."

"ಅದು ರಕ್ತ ಕಮ್ಮಿ ಇರೋದಕ್ಕೆ ಅಂದ್ಕೊಂಡಿದ್ದೆ" ಎಂದರು ಅಂಜನಮೂರ್ತಿ.

"ಅವತ್ತಿಂದ ನಂಗೆ ಏನೂ ಅನ್ಸಲ್ಲ ರೀ. ನಿಮ್ಗೆ ಬೇಜಾರಾಗ್ಬಾರ್ದು ಅಂತ ಅನ್ಸೋ ಥರ ಇರ್ತಿದ್ದೆ. ನೀವು ದೂರ ಆದಾಗ, ಅಯ್ಯೋ ಇವ್ರಿಗೆ ಗೊತ್ತಾಗ್ಬಿಡ್ತು ಅಂತ ಹೆದ್ರಿ ನಾನೇ ಬಂದು ಪಕ್ಕದಲ್ಲಿ ಕೂತೆ. ನೀವು ಶೀಲ ಅಂದ್ರಿ. ಆಗ ನಂಗೆ ಎಷ್ಟು ಹಗುರ ಆಯ್ತು ಅಂದ್ರೆ, ಮಿಷನ್ ಮುಂದೆ ಕೂತು ಅತ್ತೇಬಿಟ್ಟೆ. ಸದ್ಯ, ಇನ್ಮೇಲೆ ಸುಳ್ಳು ಸುಳ್ಳೇ ಇರ್ಬೇಕಾಗಿಲ್ಲ ಅಂತ. ಆ ಫಾರಂಗೆ ಸೈನ್ ಹಾಕಿದ್ದೂ ಅದಕ್ಕೇ. ನೀವು ಬೇಡ ಅಂತಲ್ಲ ರೀ. ನೀವು ಹೊರಟ ಮೇಲೆ ಬೆಳಗ್ಗಿಂದ ಒಂದು ತುತ್ತು ಇಳಿದಿಲ್ಲ ನಂಗೆ."

"ಯಾರ ಹತ್ರಾನೂ ಹೇಳ್ಲಿಲ್ವಾ ಇದನ್ನ?"

"ಆಸ್ಪತ್ರೆ ಡಾಕ್ಟ್ರ ಹತ್ರ ಒಂದ್ಸಲ ಹೇಳ್ದೆ. 'ನಿಮ್ ಯಜಮಾನ್ರು ಏನಾದ್ರೂ ಅಂತಾರಾ?' ಅಂದ್ರು. 'ಇಲ್ಲ, ಅವ್ರಿಗೆ ಗೊತ್ತೇ ಆಗಿಲ್ಲ' ಅಂದೆ. 'ಹಂಗಾದ್ರೆ ತೊಂದ್ರೆ ಇಲ್ವಲ್ಲ' ಅಂತ ಮುಂದಿನೋರನ್ನ ಕರೆದ್ರು."

ನಾಲ್ಕು ತಿಂಗಳು ಆಸೆ ಕಾಣೆಯಾದದ್ದಕ್ಕೆ ಅಂಜನಮೂರ್ತಿಯವರು ಅಕ್ಕನನ್ನು ಅಳಿಸಿದ್ದರು, ವಿಹಾರವನ್ನು ನಂಬಿಸಿದ್ದರು, ಮೀಸೆ ಕಳೆದುಕೊಂಡಿದ್ದರು. ಈಕೆಗೆ ಏಳು ವರ್ಷ. ಆ ಏಳು ವರ್ಷದಲ್ಲಿ ಯಾರೂ ಬಂದು ಕಾಲು ಮುಟ್ಟಿರಲಿಲ್ಲ, ಯಾರೂ ಶಾಲು ಹೊದಿಸಿರಲಿಲ್ಲ. ಪಕ್ಕದಲ್ಲೇ ಮಲಗಿದ್ದ ತಾನು ಇಬ್ಬರೂ ಸುಖವಾಗಿದ್ದೇವೆ ಎಂದುಕೊಂಡು ಗೊರಕೆ ಹೊಡೆಯುತ್ತಿದ್ದೆ. ನಾಚಿಕೆಯಿಂದ ಅವರ ತಲೆ ಎದೆಗೆ ಬಿತ್ತು. ಮಂಜುಳಮ್ಮ ಆ ಬೋಳುತಲೆಯನ್ನು ಹತ್ತಿರಕ್ಕೆ ಎಳೆದುಕೊಂಡರು. ಇಬ್ಬರೂ ಅತ್ತರು. ಶೀಲದ ಮಾತು ಯಾರೂ ಎತ್ತಲಿಲ್ಲ.

"ನಾಳೆ ಇಬ್ರೂ ಡಾಕ್ಟ್ರ ಹತ್ರ ಹೋಗೋಣ" ಎಂದರು ಅಂಜನಮೂರ್ತಿ, ಮೂಗು ಒರೆಸಿಕೊಳ್ಳುತ್ತ. "ನೀನು ನಾಚ್ಕೋಬೇಡ. ನಿಂದೂ ನಾನೇ ಹೇಳ್ತೀನಿ."

"ಬೇಡ. ನಂದು ನಾನೇ ಹೇಳ್ತೀನಿ. ನೀವು ಪಕ್ಕದಲ್ಲಿ ಕೂತು ಕೇಳಿಸ್ಕೊಳ್ಳಿ, ಸಾಕು."

ಮಾರನೆಯ ದಿನವೂ ಮನೆ ಹತ್ತಿರದ ಡಾಕ್ಟರ ಬೆಂಚಿನ ತುಂಬ ಜನರಿದ್ದರು. ಅಂಜನಮೂರ್ತಿಯವರ ಮಾತ್ರೆ ಬದಲಾಯಿಸಿ ಬರೆಯಲು ಡಾಕ್ಟರಿಗೆ ಐದು ನಿಮಿಷ ಹಿಡಿಯಿತು. ಆಮೇಲೆ ಮಂಜುಳಮ್ಮ ಶುರುಮಾಡಿದರು. ಮೊದಮೊದಲು ಮಾತು ತಡವರಿಸಿತು, ಆಮೇಲೆ ನಿಲ್ಲಲಿಲ್ಲ. ತಾಯಿ ಹೋದದ್ದು, ನಿದ್ದೆ ಹೋದದ್ದು, ಆಮೇಲೆ ಒಂದೊಂದಾಗಿ ಏನೇನು ಹೋಯಿತು ಎಂಬುದನ್ನೆಲ್ಲ ಹೇಳುತ್ತ ಹೋದರು. ಅಂಜನಮೂರ್ತಿಯವರು ಅದರಲ್ಲಿ ಒಂದನ್ನೂ ಹಿಂದೆ ಕೇಳಿರಲಿಲ್ಲ. ಡಾಕ್ಟರು ಗಡಿಯಾರ ನೋಡಿದರು, ಹೊರಗಿನ ಸಾಲು ನೋಡಿದರು, ಮುಂದಿನವರನ್ನು ಕರೆಯಲು ಬೆಲ್ಲಿನ ಕಡೆ ಕೈ ಚಾಚಿದರು.

ಅಂಜನಮೂರ್ತಿಯವರು ಎದ್ದು ಹೋಗಿ ಬಾಗಿಲು ಮುಚ್ಚಿ, ಅದಕ್ಕೆ ಬೆನ್ನು ಕೊಟ್ಟು ನಿಂತರು.

"ಸ್ವಲ್ಪ ಇರಿ ಡಾಕ್ಟ್ರೇ" ಎಂದರು. "ಅವಳು ಇನ್ನೂ ಹೇಳ್ತಾ ಇದಾಳೆ."